ಲಂಕೆ ಸಾಲದಲ್ಲಿ ಮುಳುಗಿದ್ದಕ್ಕೂ ನಮ್ಮ ಒಳ್ಳೆಮೆಣಸಿಗೂ ಏನು ಸಂಬಂಧ?

ಬದಿಯಡ್ಕ ತೋಟ:
2022ರಲ್ಲಿ ಶ್ರೀಲಂಕಾದ ರೂಪಾಯಿ ಬಿದ್ದದ್ದರಿಂದ ಅಲ್ಲಿನ ಒಳ್ಳೆಮೆಣಸು ಅಗ್ಗವಾಗಿ ನಮ್ಮ ಪೇಟೆಗೆ ನುಗ್ಗಿತು ಅಂತ ಅಂಗಡಿಯಲ್ಲಿ ಹೇಳ್ತಾರೆ. ಸರಿಯಾ? ಹಾಗೆ ಅಗ್ಗವಾದ ದೇಶಕ್ಕೆ ಪ್ರವಾಸಿಗರು ಹೆಚ್ಚು ಹೋಗಬೇಕಿತ್ತಲ್ಲ, ಯಾಕೆ ಹೋಗಲಿಲ್ಲ? ಈಗ ಮನೆಮಂದಿಯೊಂದಿಗೆ ಹೋಗುವುದಾದರೆ ಏನು ನೋಡಿಕೊಳ್ಳಬೇಕು?

ಕುಂಬಳೆ ಲೆಕ್ಕ:
ಪ್ರವಾಸಿಗರು ದೂರ ಉಳಿದದ್ದು ಸಾಲಕ್ಕೆ ಹೆದರಿ ಅಲ್ಲ, ಡೀಸೆಲ್ ಇಲ್ಲದ್ದಕ್ಕೆ. 2018ರಲ್ಲಿ 23 ಲಕ್ಷ ಜನ ಬಂದು ಸುಮಾರು 440 ಕೋಟಿ ಡಾಲರ್ ತಂದಿದ್ದರು. 2019ರ ಈಸ್ಟರ್ ಬಾಂಬು, ಅದರ ಬೆನ್ನಿಗೆ ಕೋವಿಡ್. 2021ರಲ್ಲಿ ಬಂದವರು 2 ಲಕ್ಷವೂ ಇಲ್ಲ. ನಡುವೆ 2019ರ ಕೊನೆಗೆ ವ್ಯಾಟನ್ನು 15ರಿಂದ 8 ಶೇಕಡಕ್ಕೆ ಇಳಿಸಿದ್ದರಿಂದ ಬೊಕ್ಕಸವೂ ಸೊರಗಿತು. ಡಾಲರಿನ ಒರತೆ ಬತ್ತಿದರೂ ಅಲ್ಲಿನ ಕೇಂದ್ರ ಬ್ಯಾಂಕ್ ಡಾಲರಿನ ದರವನ್ನು 200 ಲಂಕಾ ರೂಪಾಯಿಯ ಹತ್ತಿರವೇ ಹಿಡಿದಿಟ್ಟಿತು. ಕಾಳಸಂತೆಯಲ್ಲಿ ಡಾಲರಿಗೆ ಹೆಚ್ಚು ಸಿಗುವಾಗ ಗಲ್ಫಿನಲ್ಲಿ ದುಡಿಯುವ ಲಂಕೆಯವರು ಬ್ಯಾಂಕಿನ ಮೂಲಕ ಯಾಕೆ ಹಣ ಕಳಿಸ್ತಾರೆ? ಗಲ್ಫಿನ ನಂಟಿರುವ ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರ ಮಾರ್ಚ್‌ನಲ್ಲಿ ಹಿಡಿತ ಬಿಟ್ಟರು, ಮೇ ಹೊತ್ತಿಗೆ ಡಾಲರಿಗೆ 360. ಏಪ್ರಿಲ್ 12ಕ್ಕೆ ವಿದೇಶಿ ಸಾಲದ ಕಂತು ನಿಲ್ಲಿಸಿದರು. ನಮ್ಮ 1 ರೂಪಾಯಿಗೆ 2.7 ಸಿಗುತ್ತಿದ್ದದ್ದು 4.6 ಆಯಿತು, ಅಗ್ಗವೇನೋ ಹೌದು. ಆದರೆ ಎಣ್ಣೆ ತರಿಸಲು ಡಾಲರ್ ಇಲ್ಲದೆ ದಿನಕ್ಕೆ 13 ಗಂಟೆಯವರೆಗೆ ಕರೆಂಟ್ ಇಲ್ಲ, ಹೋಟೆಲಿನ ಜನರೇಟರಿಗೆ ಎಣ್ಣೆಯಿಲ್ಲ, ಅಡುಗೆಗೆ ಗ್ಯಾಸ್ ಇಲ್ಲ, ಕೊಲಂಬೊದಿಂದ ಕ್ಯಾಂಡಿಗೆ ಹೋಗುವ ವ್ಯಾನು ಬಂಕಿನ ಸಾಲಿನಲ್ಲಿ. ಮೇಲಿಂದ ಬ್ರಿಟನ್ ತನ್ನವರಿಗೆ ‘ತೀರಾ ಅಗತ್ಯವಿದ್ದರೆ ಮಾತ್ರ ಹೋಗಿ’ ಅಂದಿತು. ಅಂಥ ಸೂಚನೆ ಇರುವಾಗ ಹೋದವರ ಪ್ರಯಾಣ ವಿಮೆ ಸಾಮಾನ್ಯವಾಗಿ ನಡೆಯುವುದಿಲ್ಲ, ಪ್ಯಾಕೇಜ್ ಕಂಪನಿಗಳು ತಾವಾಗಿಯೇ ರದ್ದು ಮಾಡುತ್ತವೆ.

ಇಂಧನದ ಬರ ಎಲ್ಲಿಯವರೆಗೆ ಅಂದರೆ, ಲಂಕೆಯ ವಿಮಾನಗಳು ತಿರುವನಂತಪುರ, ಕೊಚ್ಚಿಯಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಮುಂದೆ ಹಾರಿದವು. ಜುಲೈಯಲ್ಲಿ ಕ್ಯೂಆರ್ ಕೋಡಿನ ಇಂಧನ ಪಾಸು ಬಂದ ಮೇಲೆ ಸಾಲು ಕರಗಿತು.

ಉಪ್ಪಳ ಮಂಡಿ:
ಮೆಣಸಿನ ಮಾತು ಅರ್ಧ ತಪ್ಪು. ಮೆಣಸಿನ ವ್ಯಾಪಾರ ಡಾಲರಿನಲ್ಲಿ. ಕಿಲೋಗೆ 5 ಡಾಲರ್ ಅಂತ ಇಟ್ಟುಕೊಳ್ಳಿ: ಅಲ್ಲಿನ ರೈತನಿಗೆ 1,000 ಸಿಗುತ್ತಿದ್ದ ಕಡೆ 1,800 ಸಿಕ್ಕೀತು, ಕೊಳ್ಳುವವನಿಗೆ ಮಾತ್ರ ಅದೇ 5 ಡಾಲರ್. ಸ್ವಲ್ಪ ಇಳಿಸಿ ಮಾರಲು ಅವನಿಗೆ ಜಾಗ ಉಂಟು, ಅಷ್ಟೇ.

ನಮಗೆ ಪೆಟ್ಟು ಬೀಳುವುದು ಸುಂಕದ ದಾರಿಯಲ್ಲಿ. 2000ದಿಂದ ಜಾರಿಯಲ್ಲಿರುವ ಭಾರತ–ಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು, ಸಾಫ್ಟಾದಲ್ಲಿ, ಅಂದರೆ ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದದಲ್ಲಿ, 8 ಶೇಕಡ ಸುಂಕ. ಲಂಕೆಯ ಮಾಲು ಅನ್ನಿಸಿಕೊಳ್ಳಲು ಅಲ್ಲಿ 35 ಶೇಕಡ ಮೌಲ್ಯ ಸೇರಿರಬೇಕು. ವಿಯೆಟ್ನಾಂ ಮೆಣಸಿಗೆ ಲಂಕೆಯ ಮೂಲಪತ್ರ (ಮಾಲು ಲಂಕೆಯದ್ದು ಎಂಬ ಪತ್ರ) ಅಂಟಿಸಿ ತರ್ತಾರೆ ಅನ್ನುವುದು ಬೆಳೆಗಾರರ ಹಳೆಯ ದೂರು. 2017ರ ಡಿಸೆಂಬರಿನಿಂದ ಕಿಲೋಗೆ ಕನಿಷ್ಠ ಆಮದು ಬೆಲೆ 500 ರೂಪಾಯಿ, ಅದಕ್ಕಿಂತ ಕಡಿಮೆಗೆ ತರುವಂತಿಲ್ಲ. 5 ಡಾಲರ್ ಅಂದರೆ ಆಗಿನ ಲೆಕ್ಕಕ್ಕೆ 390, ಬೇಲಿ ದಾಟಲಾರದು. ಕಳ್ಳದಾರಿ ಅಂದರೆ ಅದೇ ಅಗ್ಗದ ಮಾಲಿಗೆ ಬಿಲ್ಲಿನಲ್ಲಿ 500 ಬರೆಯುವುದು.

ಬದಿಯಡ್ಕ ತೋಟ:
ಹಾಗಾದರೆ ಈ 500ರ ಬೇಲಿ ಯಾವಾಗಲೂ ಕಾಯ್ತದಾ?

ಉಪ್ಪಳ ಮಂಡಿ:
ಇಲ್ಲ. ಹೊರಗಿನ ದರವೇ 500 ದಾಟಿದರೆ ಬೇಲಿ ಇದ್ದೂ ಇಲ್ಲದ ಹಾಗೆ, ಆಮದು ಮುಕ್ತ. ಆಗ ನೋಡಬೇಕಾದದ್ದು ಲಂಕೆಯ ರೂಪಾಯಿಯನ್ನಲ್ಲ, ವಿಯೆಟ್ನಾಂನ ಡಾಲರ್ ದರವನ್ನು ಮತ್ತು ಸುಂಕವಿಲ್ಲದ ಕೋಟಾ ಎಷ್ಟು ಮುಗಿದಿದೆ ಎಂಬುದನ್ನು.

ಮಂಜೇಶ್ವರ ಪಯಣ:
ಪ್ರವಾಸಕ್ಕೆ ಈಗ ಅಡ್ಡಿ ಇಲ್ಲ, 2024ರಲ್ಲಿ 20 ಲಕ್ಷ ದಾಟಿದ್ದಾರೆ, ದೇಶವಾರು ಲೆಕ್ಕದಲ್ಲಿ ನಮ್ಮವರೇ ಮೊದಲು. ಪಾಸ್‌ಪೋರ್ಟಿಗೆ 6 ತಿಂಗಳ ಅವಧಿ ಉಳಿದಿರಲಿ, ಹಿಂತಿರುಗುವ ಟಿಕೆಟ್ ಕೈಯಲ್ಲಿರಲಿ. ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಹಾಕುವಾಗ ತಾಣದ ವಿಳಾಸ ‘ಗವ್ ಡಾಟ್ ಎಲ್‌ಕೆ’ ಎಂದೇ ಮುಗಿಯಬೇಕು. ಅದೇ ವೇಷದ ದಲ್ಲಾಳಿ ತಾಣಗಳು ಉಂಟು. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟಿಗೆ ಮೊದಲೇ ನೋಡಿ.

2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ನಡೆಯುತ್ತದೆ. ಆದರೆ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ಪಾವತಿಯನ್ನು ಇಲ್ಲಿಂದಲೇ ಆನ್ ಮಾಡಿ ಹೊರಡಿ. ರಿಕ್ಷಾಕ್ಕೆ ನೋಟೇ ಬೇಕು. ಬ್ಯಾಂಕಿನಲ್ಲಿ ಬದಲಿಸಿದ ಚೀಟಿ ಬಿಸಾಡಬೇಡಿ: ಉಳಿದ ಲಂಕಾ ರೂಪಾಯಿಯನ್ನು ಮರಳಿ ಬದಲಿಸಲು ಅದನ್ನು ಕೇಳ್ತಾರೆ, ಊರಿಗೆ ತಂದರೆ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ತಮಿಳುನಾಡಿನ ನಾಗಪಟ್ಟಿಣಂನಿಂದ ಲಂಕೆಯ ಕಾಂಕೇಸಂತುರೈಗೆ ಹಡಗೂ ಉಂಟು, ಆದರೆ ತಮಿಳುನಾಡಿನ ಮಳೆಗಾಲದಲ್ಲಿ, ಅಂದರೆ ನವೆಂಬರ್ ಆಚೀಚೆ, ಅದನ್ನೇ ನಂಬಿ ರೈಲು ಬುಕ್ ಮಾಡಬೇಡಿ.