ಕ್ಯಾವನ್ಸೈಟ್ ಜಿಯೋಲೈಟ್ ಗುಂಪಿಗೆ ಸೇರುವುದೋ, ಪದರ ಸಿಲಿಕೇಟ್‌ಗಳ ಗುಂಪಿಗೋ?

ಪ್ರಶ್ನೆ: ಅಂಬಲಪಾಡಿಯ ಓದುಗ, ಉಡುಪಿ

ಮಂಗಳೂರಿನ ನಮ್ಮ ಕಾಲೇಜಿನ ಖನಿಜ ಸಂಗ್ರಹಕ್ಕೆ ಹೊಸ ಚೀಟಿಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಪುಣೆ ಬಳಿಯ ವಾಘೋಲಿಯ ಕಲ್ಲುಕ್ವಾರಿಯಿಂದ ಬಂದ ಕ್ಯಾವನ್ಸೈಟ್ ಮಾದರಿಯೊಂದಿದೆ. ಬಿಳಿಯ ಸ್ಟಿಲ್ಬೈಟ್ ಹರಳುಗಳ ಮೇಲೆ ಅರ್ಧ ಸೆಂಟಿಮೀಟರ್ ಅಗಲದ ಕಡುನೀಲಿ ಉಂಡೆಗಳು ಕುಳಿತಿವೆ; ಮಸೂರ ಹಿಡಿದರೆ ಒಂದೊಂದು ಉಂಡೆಯೂ ನಡುವಿನಿಂದ ಹೊರಕ್ಕೆ ಚಾಚಿದ ಸಣ್ಣ ಅಲಗುಗಳ ಗೊಂಚಲೆಂದು ತಿಳಿಯುತ್ತದೆ. ಹಳೆಯ ಚೀಟಿಯಲ್ಲಿ ಇದನ್ನು ಜಿಯೋಲೈಟ್ ಎಂದು ಬರೆಯಲಾಗಿದೆ, ಆದರೆ ವರ್ಗೀಕರಣದ ಕೋಷ್ಟಕಗಳು ಇದನ್ನು ಪದರ ಸಿಲಿಕೇಟ್‌ಗಳ ಸಾಲಿನಲ್ಲಿ ಇಡುತ್ತವೆ. ರಚನೆಯಲ್ಲಿ ನೀರಿದೆ, ಜಿಯೋಲೈಟ್‌ಗಳ ಜೊತೆಯಲ್ಲೇ ಬೆಳೆಯುತ್ತದೆ, ಕಾಗೆಬಂಗಾರದ ಹಾಗೆ ಹಾಳೆಹಾಳೆಯಾಗಿ ಏಳುವುದೂ ಇಲ್ಲ. ಹೀಗಿರುವಾಗ ಚೀಟಿಯಲ್ಲಿ ಏನೆಂದು ಬರೆಯಬೇಕು? ಇದು ಇದೇ ಸೂತ್ರದ ಇನ್ನೊಂದು ಖನಿಜವಾದ ಪೆಂಟಗೊನೈಟ್ ಅಲ್ಲವೆಂದು ಕಣ್ಣಿನಿಂದಲೇ ಹೇಳಬಹುದೇ?

ಉತ್ತರ: ಸುರತ್ಕಲ್ ಸ್ಫಟಿಕ

ಪದರ ಸಿಲಿಕೇಟ್ ಎಂದೇ ಬರೆಯಿರಿ. ಖನಿಜವು ಯಾರ ಜೊತೆ ಬೆಳೆದಿದೆ, ಅದರಲ್ಲಿ ನೀರು ಇದೆಯೋ ಇಲ್ಲವೋ ಎಂಬುದರಿಂದ ಸಿಲಿಕೇಟ್‌ಗಳ ವರ್ಗ ತೀರ್ಮಾನವಾಗುವುದಿಲ್ಲ. ಒಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್ ಸೇರಿ ಆಗುವ ಚತುರ್ಮುಖಿಗಳು ತಮ್ಮ ಎಷ್ಟು ಮೂಲೆಗಳನ್ನು ಪಕ್ಕದವುಗಳ ಜೊತೆ ಹಂಚಿಕೊಂಡಿವೆ ಎಂಬುದರಿಂದ ಆಗುತ್ತದೆ. ಮೂರು ಮೂಲೆಗಳನ್ನು ಹಂಚಿಕೊಂಡರೆ ಪದರ, ನಾಲ್ಕನ್ನೂ ಹಂಚಿಕೊಂಡರೆ ಮೂರು ಆಯಾಮದ ಚೌಕಟ್ಟು; ಜಿಯೋಲೈಟ್‌ಗಳು ಈ ಚೌಕಟ್ಟಿನ ಬಗೆಯವು. ಪದರದಲ್ಲಿ ಸಿಲಿಕಾನ್ ಮತ್ತು ಆಕ್ಸಿಜನ್‌ಗಳ ಅನುಪಾತ 2:5, ಚೌಕಟ್ಟಿನಲ್ಲಿ 1:2.

ಕ್ಯಾವನ್ಸೈಟಿನ ಸೂತ್ರದಲ್ಲಿ ಒಂದು ಕ್ಯಾಲ್ಸಿಯಂ, ಆಕ್ಸಿಜನ್‌ಗೆ ಅಂಟಿದ ಒಂದು ವನೇಡಿಯಂ, 4 ಸಿಲಿಕಾನ್, ಅವಕ್ಕೆ ಸೇರಿದ 10 ಆಕ್ಸಿಜನ್ ಮತ್ತು 4 ನೀರಿನ ಅಣುಗಳಿವೆ. 4:10 ಎಂದರೆ 2:5. ಇದನ್ನು ನೇಟ್ರೊಲೈಟ್ ಎಂಬ ನಿಜವಾದ ಜಿಯೋಲೈಟ್ ಪಕ್ಕದಲ್ಲಿಟ್ಟು ನೋಡಿ. ಅದರಲ್ಲೂ 10 ಆಕ್ಸಿಜನ್‌ಗಳಿವೆ, ಆದರೆ ಸಿಲಿಕಾನ್ ಮೂರೇ ಇರುವುದರಿಂದ ಮೊದಲ ನೋಟಕ್ಕೆ ಲೆಕ್ಕ ತಾಳೆಯಾಗುವುದಿಲ್ಲ. ಸಿಲಿಕಾನ್ ಕೂರಬೇಕಾದ ಜಾಗದಲ್ಲಿ ಕೂತಿರುವ 2 ಅಲ್ಯೂಮಿನಿಯಂಗಳನ್ನೂ ಸೇರಿಸಿದ ಕೂಡಲೇ 5:10 ಆಗಿ ಚೌಕಟ್ಟು ಪೂರ್ಣವಾಗುತ್ತದೆ. ಅಲ್ಯೂಮಿನಿಯಂ ಬಂದಾಗ ಉಂಟಾಗುವ ಋಣ ವಿದ್ಯುದಂಶವನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂಗಳು ಒಳಗಿನ ಪೊಳ್ಳುಗಳಲ್ಲಿ ಬಂದು ನೆಲೆಸುತ್ತವೆ; ಜಿಯೋಲೈಟ್‌ಗಳ ಅಯಾನು ವಿನಿಮಯದ ಗುಣಕ್ಕೆ ಇದೇ ಮೂಲ. ಕ್ಯಾವನ್ಸೈಟಿನ ಸೂತ್ರದಲ್ಲಿ ಅಲ್ಯೂಮಿನಿಯಂ ಇಲ್ಲವೇ ಇಲ್ಲ.

ವ್ಯಾಪಾರಿಗಳು ಇದನ್ನು ಜಿಯೋಲೈಟ್‌ಗಳ ಜೊತೆ ಮಾರುತ್ತಾರೆಂಬುದು ನಿಜ. ದಖನ್ ಬಸಾಲ್ಟಿನ ಅಪೊಫಿಲೈಟಿಗೂ ಇದೇ ಗತಿಯಾಗಿದೆ. ಅದೂ ಪದರ ಸಿಲಿಕೇಟೇ. ಹಾಗೆ ನೋಡಿದರೆ ಇವೆರಡರ ಪದರಗಳಲ್ಲೂ ನಾಲ್ಕು ಮತ್ತು ಎಂಟು ಚತುರ್ಮುಖಿಗಳ ಉಂಗುರಗಳೇ ಇವೆ.

ಉತ್ತರ: ಮೂಡುಬಿದಿರೆಯ ಶಿಲಾಸಕ್ತ

ಮೇಲಿನ ಲೆಕ್ಕ ಒಪ್ಪತಕ್ಕದ್ದೇ, ಆದರೆ ಅದು ಪೂರ್ತಿ ಚಿತ್ರವಲ್ಲ. ಈ ಪದರಗಳ ಚತುರ್ಮುಖಿಗಳಲ್ಲಿ ಕೆಲವು ಮೇಲಕ್ಕೂ ಕೆಲವು ಕೆಳಕ್ಕೂ ತುದಿ ಮಾಡಿರುವುದರಿಂದ, ಎರಡು ಪದರಗಳ ನಡುವೆ ವನೇಡಿಯಂ ನಿಂತು ಅವನ್ನು ಬಲವಾಗಿ ಬೆಸೆಯುತ್ತದೆ. ನೀರು ಮತ್ತು ಕ್ಯಾಲ್ಸಿಯಂ ಈ ನಡುವಿನ ಕಾಲುವೆಗಳಲ್ಲಿವೆ. ಹೀಗಾಗಿ ಇಡೀ ರಚನೆ ಚೌಕಟ್ಟಿನಂತೆಯೇ ವರ್ತಿಸುತ್ತದೆ. ಒಂದು ದಿಕ್ಕಿಗೆ ಒಳ್ಳೆಯ ಸೀಳುತಲವಿದ್ದರೂ ಕಾಗೆಬಂಗಾರದಂತೆ ಬಳಕುವ ಹಾಳೆಗಳು ಏಳದೆ, ಒತ್ತಿದರೆ ಪುಡಿಯಾಗುವುದು ಇದರಿಂದಲೇ. ಹಳೆಯ ಚೀಟಿ ಬರೆದವರನ್ನು ಪೂರ್ತಿ ದೂರುವಂತಿಲ್ಲ.

ಉತ್ತರ: ಸುರತ್ಕಲ್ ಸ್ಫಟಿಕ

ದೂರುವುದು ನನ್ನ ಉದ್ದೇಶವಲ್ಲ. ಆದರೆ ಬೆಸುಗೆಯನ್ನೂ ವರ್ಗಕ್ಕೆ ಲೆಕ್ಕ ಹಿಡಿಯತೊಡಗಿದರೆ ಗೆರೆ ಎಲ್ಲಿ ಎಳೆಯುವುದು? ಬೆರಿಲ್ ಅನ್ನು ಉಂಗುರ ಸಿಲಿಕೇಟ್ ಎಂದು ಎಲ್ಲ ತರಗತಿಗಳಲ್ಲೂ ಕಲಿಸುತ್ತೇವೆ. ಬೆರಿಲಿಯಂನ ಚತುರ್ಮುಖಿಗಳನ್ನೂ ಎಣಿಸಿದರೆ ಅದೂ ಚೌಕಟ್ಟೇ ಆಗುತ್ತದೆ. ಇಲ್ಲಿ ವನೇಡಿಯಂ ಸುತ್ತಲಿರುವುದು ಚತುರ್ಮುಖಿಯೂ ಅಲ್ಲ, ಐದು ಆಕ್ಸಿಜನ್‌ಗಳ ಚೌಕ ತಳದ ಪಿರಮಿಡ್. ಅದನ್ನು ಸಿಲಿಕೇಟ್ ಜಾಲದ ಭಾಗವೆಂದು ಎಣಿಸಲು ನನಗೆ ಕಾರಣ ಕಾಣುವುದಿಲ್ಲ.

ಉತ್ತರ: ಕದ್ರಿ ನಿವಾಸಿ

ಪೆಂಟಗೊನೈಟ್ ವಿಚಾರಕ್ಕೆ ಬರುತ್ತೇನೆ. ಎರಡರ ರಾಸಾಯನಿಕ ಸೂತ್ರವೂ ಒಂದೇ, ಎರಡೂ ಆರ್ಥೊರಾಂಬಿಕ್ (ಉದ್ದ ಬೇರೆಬೇರೆಯಾದ ಮೂರು ಅಕ್ಷಗಳು ಪರಸ್ಪರ ಲಂಬವಾಗಿರುವ) ಸ್ಫಟಿಕ ವ್ಯವಸ್ಥೆಯವು. ಅಮೆರಿಕದ ಒರೆಗಾನ್‌ನಲ್ಲಿ ದೊರೆತ ಮಾದರಿಗಳ ಆಧಾರದ ಮೇಲೆ 1973ರಲ್ಲಿ ಎರಡನ್ನೂ ಒಟ್ಟಿಗೆ ವಿವರಿಸಲಾಯಿತು. ವ್ಯತ್ಯಾಸವಿರುವುದು ಪದರದ ಹೆಣಿಗೆಯಲ್ಲಿ: ಪೆಂಟಗೊನೈಟಿನಲ್ಲಿ ಆರು ಚತುರ್ಮುಖಿಗಳ ಉಂಗುರಗಳಿವೆ. ಅದು ದಟ್ಟ ಉಂಡೆಯಾಗುವ ಬದಲು ಬಿಡಿಬಿಡಿಯಾಗಿ ಚಾಚಿದ ತೆಳು ಪಟ್ಟಕಗಳಾಗಿ ಬೆಳೆಯುತ್ತದೆ, ಐದು ಹರಳುಗಳು ಒಂದೇ ಅಕ್ಷದ ಸುತ್ತ ಜೋಡಿಕೊಂಡು ಅಡ್ಡಕೊಯ್ತದಲ್ಲಿ ನಕ್ಷತ್ರದಂತೆ ಕಾಣುವುದೂ ಉಂಟು. ನೀವು ವರ್ಣಿಸಿದ ಉಂಡೆಗಳು ಕ್ಯಾವನ್ಸೈಟಿನ ಲಕ್ಷಣ. ಖಚಿತವಾಗಬೇಕೆಂದರೆ ಎಕ್ಸ್‌ರೇ ವಿವರ್ತನೆ ಅಥವಾ ರಾಮನ್ ರೋಹಿತವೇ ಬೇಕು, ಏಕೆಂದರೆ ರಾಸಾಯನಿಕ ವಿಶ್ಲೇಷಣೆ ಎಷ್ಟು ನಿಖರವಾಗಿದ್ದರೂ ಎರಡನ್ನು ಬೇರ್ಪಡಿಸಲಾರದು.

ಗಡಸುತನ ಮೋಹ್ಸ್ ಮಾನದಲ್ಲಿ 3ರಿಂದ 4, ಸಾಪೇಕ್ಷ ಸಾಂದ್ರತೆ ಸುಮಾರು 2.2ರಿಂದ 2.3 ಎಂದು ಚೀಟಿಯಲ್ಲಿ ಬರೆಯಬಹುದು. ಗೀರಿ ಪರೀಕ್ಷಿಸಲು ಹೋಗಬೇಡಿ, ಗೊಂಚಲು ಉದುರಿಹೋಗುತ್ತದೆ. ಉದುರಿದ ಚೂರೇನಾದರೂ ಡಬ್ಬಿಯ ತಳದಲ್ಲಿದ್ದರೆ ಅದನ್ನು ಧ್ರುವೀಕರಣ ಸೂಕ್ಷ್ಮದರ್ಶಕದಡಿ ಇಟ್ಟು ತಿರುಗಿಸಿ: ಒಂದು ದಿಕ್ಕಿನಲ್ಲಿ ನೀಲಿಯಾಗಿ ಕಾಣುವ ಹರಳು ಇನ್ನೊಂದು ದಿಕ್ಕಿನಲ್ಲಿ ಬಣ್ಣವಿಲ್ಲದಂತಾಗುತ್ತದೆ. ನಾಲ್ಕು ಧನ ವಿದ್ಯುದಂಶದ ವನೇಡಿಯಂ ಈ ನೀಲಿಗೆ ಕಾರಣ. ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಚೆನ್ನಾದ ಗುಣ ಈ ಖನಿಜದಲ್ಲಿ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಪ್ರತಿಕ್ರಿಯೆ: ಅಂಬಲಪಾಡಿಯ ಓದುಗ, ಉಡುಪಿ

ಎಲ್ಲರಿಗೂ ಕೃತಜ್ಞತೆಗಳು. ಚೀಟಿಯಲ್ಲಿ ಪದರ ಸಿಲಿಕೇಟ್ ಎಂದು ಬರೆದು, ಪದರಗಳು ವನೇಡಿಯಂನಿಂದ ಬೆಸೆದುಕೊಂಡಿವೆ ಎಂಬ ಸಾಲನ್ನೂ ಸೇರಿಸುತ್ತೇನೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಇದು ಸಿಕ್ಕೀತೇ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದಾರೆ.

ಉತ್ತರ: ಮೂಡುಬಿದಿರೆಯ ಶಿಲಾಸಕ್ತ

ನಿರೀಕ್ಷೆ ಬೇಡ. ಆ ಕಂಬಗಲ್ಲುಗಳು ದಖನ್ ಬಸಾಲ್ಟ್ ಅಲ್ಲ. ಸಿಲಿಕಾ ಹೆಚ್ಚಿರುವ ಬೇರೆಯೇ ಲಾವಾ, ದಖನ್ ಲಾವಾಕ್ಕಿಂತ ಸುಮಾರು ಎರಡು ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು. ಕ್ಯಾವನ್ಸೈಟ್ ಬೆಳೆಯಲು ಲಾವಾದಲ್ಲಿ ಗುಳ್ಳೆಗಳ ಪೊಳ್ಳುಗಳೋ ಬಿರುಕುಗಳೋ ಬೇಕು, ವನೇಡಿಯಂ ಕರಗಿಸಿಕೊಂಡ ಬಿಸಿನೀರು ಅವುಗಳಲ್ಲಿ ಹರಿದಿರಬೇಕು. ದ್ವೀಪವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಸುತ್ತಿಗೆಯನ್ನು ಮಲ್ಪೆಯಲ್ಲೇ ಬಿಟ್ಟು ದೋಣಿ ಹತ್ತಲಿ.