ಪ್ರಶ್ನೋತ್ತರ: ಕಾಲಿನ ಹುಣ್ಣು, ಬಿಳಿ ಕಲೆ, ರಕ್ತ ಹೆಪ್ಪುಗಟ್ಟುವಿಕೆ

ಸದಸ್ಯೆ 1: ಮೇಡಂ, ತಂಗಿಗೆ 29 ವರ್ಷ. ಕಾಲಿನ ಹರಡಿನ ಸುತ್ತ ವಿಪರೀತ ನೋವಿನ ಹುಣ್ಣು, ಮಾಗಿದ ಕಡೆ ಬಿಳಿ ಕಲೆ. ಬಯಾಪ್ಸಿಯಲ್ಲಿ ಲಿವೆಡಾಯ್ಡ್ ವ್ಯಾಸ್ಕುಲೋಪತಿ ಅಂತ ಬಂದಿದೆ. ಹಿಂದೆ 14ನೇ ವಾರದಲ್ಲಿ ಗರ್ಭ ಹೋಗಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಿವರಾಕ್ಸಬಾನ್ ಮಾತ್ರೆ ಶುರುವಾಗಿ 10 ದಿನ. ರಕ್ತಪರೀಕ್ಷೆ ನಾಳೆ. ಚರ್ಮದ ಕಾಯಿಲೆಗೆ ಈ ಮಾತ್ರೆ ಯಾಕೆ?

ರಕ್ತರೋಗ ತಜ್ಞೆ: ಚರ್ಮದ ಸಣ್ಣ ರಕ್ತನಾಳಗಳೊಳಗೆ ಫೈಬ್ರಿನ್ (ಹೆಪ್ಪಿನ ನಾರು) ಕಟ್ಟಿಕೊಂಡು ರಕ್ತ ಮುಂದೆ ಹರಿಯುವುದಿಲ್ಲ, ಅಷ್ಟು ಜಾಗದ ಚರ್ಮ ಸಾಯುತ್ತದೆ. ಮೂಲ ಉರಿಯೂತವಲ್ಲ, ಹೆಪ್ಪು. ಅದಕ್ಕೇ ಈ ಮಾತ್ರೆ.

ನನಗೆ ಚಿಂತೆ ನಾಳೆಯ ಪರೀಕ್ಷೆಯದ್ದು. ಗರ್ಭ ಹೋದ ವಿಷಯ ಕೇಳಿದರೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ದೇಹದ್ದೇ ಪ್ರತಿಕಾಯಗಳು ರಕ್ತ ಹೆಪ್ಪುಗಟ್ಟಿಸುವ, ಗರ್ಭವನ್ನೂ ಕಳೆಯುವ ಕಾಯಿಲೆ) ಹುಡುಕಲೇಬೇಕು. ಆದರೆ ರಿವರಾಕ್ಸಬಾನ್ ರಕ್ತದಲ್ಲಿದ್ದರೆ ಅದರ ಒಂದು ಪ್ರತಿಕಾಯವಾದ ಲೂಪಸ್ ಆಂಟಿಕೊಆಗ್ಯುಲೆಂಟ್ ಸುಳ್ಳೇ ಪಾಸಿಟಿವ್ ತೋರಿಸಬಹುದು. ಹೆಪ್ಪು ತಡೆಯುವ ಪ್ರೋಟೀನ್ ಎಸ್ ಕೊರತೆ ಇದ್ದರೂ ಮುಚ್ಚಿಹೋಗಬಹುದು. ಇನ್ನೆರಡು ಪ್ರತಿಕಾಯಗಳಾದ ಆಂಟಿಕಾರ್ಡಿಯೊಲಿಪಿನ್, ಆಂಟಿ-ಬೀಟಾ-2 ಗ್ಲೈಕೊಪ್ರೋಟೀನ್, ಹಾಗೂ ಹೆಪ್ಪಿನ ಒಲವು ತರುವ ಫ್ಯಾಕ್ಟರ್ 5 ಲೈಡನ್ ಜೀನ್ ಪರೀಕ್ಷೆಗಳಿಗೆ ಮಾತ್ರೆ ಅಡ್ಡಿಯಿಲ್ಲ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೊನೆಯ ಡೋಸಿನ ಹೊತ್ತನ್ನು ಲ್ಯಾಬಿಗೆ ಬರೆದುಕೊಡಿ. ಪ್ರತಿಕಾಯ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಿ. ಮೂರೂ ಪ್ರತಿಕಾಯ ಪಾಸಿಟಿವ್ ಆದರೆ ರಿವರಾಕ್ಸಬಾನ್ ಬೇಡ, ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ವಾರ್ಫರಿನ್ ಬೇಕು. ಅಂಥ ರೋಗಿಗಳಲ್ಲಿ ರಿವರಾಕ್ಸಬಾನ್ ಪಡೆದವರಿಗೇ ಸ್ಟ್ರೋಕ್, ಹೃದಯಾಘಾತ ಹೆಚ್ಚಾಗಿ, ಈ ಎರಡು ಮಾತ್ರೆಗಳನ್ನು ಹೋಲಿಸಿದ ಟ್ರ್ಯಾಪ್ಸ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮತ್ತೆ ಗರ್ಭ ಬಯಸಿದರೆ ಮೊದಲೇ ಹೇಳಲಿ, ಆಗ ಎರಡೂ ಮಾತ್ರೆ ಸಲ್ಲ; ಹೆಪ್ಪು ತಡೆಯುವ ಹೆಪರಿನ್ ಇಂಜೆಕ್ಷನ್.

ಸದಸ್ಯ 2: ವೆರಿಕೋಸ್ ಇರಬಹುದಲ್ವಾ?

ತಜ್ಞೆ: ಬಯಾಪ್ಸಿ ಆಗಿದೆ. ಮೇಲೆ ಓದಿ.

ಸದಸ್ಯ 3: ಫಾರ್ವರ್ಡ್: ದಿನಾ 10 ಎಸಳು ಹಸಿ ಬೆಳ್ಳುಳ್ಳಿ, ಬಿಸಿನೀರಲ್ಲಿ ಕಾಲು ಅದ್ದಿ, 21 ದಿನದಲ್ಲಿ ಹೆಪ್ಪು ಮಾಯ.

ತಜ್ಞೆ: ಇದನ್ನು ಅಳಿಸಿ. ಈ ಮಾತ್ರೆಯ ಜೊತೆ ಅಷ್ಟು ಬೆಳ್ಳುಳ್ಳಿ ತಿಂದರೆ ರಕ್ತಸ್ರಾವದ ಅಪಾಯ ಏರುತ್ತದೆ. ರಕ್ತ ಹರಿಯದ ಚರ್ಮಕ್ಕೆ ಬಿಸಿ ತಾಗಿದರೆ ಸುಡುತ್ತದೆ, ಹುಣ್ಣು ದೊಡ್ಡದಾಗುತ್ತದೆ.

ಸದಸ್ಯ 3: ಎಲ್ಲಕ್ಕೂ ಇಂಗ್ಲಿಷ್ ಮದ್ದೇ ಬೇಕಾ?

ಸದಸ್ಯೆ 4: ಇವರು ಹೇಳಿದ್ದು ಅರ್ಥವಾಗಲಿಲ್ಲವಾ ಸರ್? ಬೇರೆಯವರ ಕಾಲು ಸುಟ್ಟರೆ ನೀವು ಬರ್ತೀರಾ?

ಸದಸ್ಯ 3: ನಿಮ್ಮನ್ನು ಯಾರೂ ಕೇಳಲಿಲ್ಲ.

ಸದಸ್ಯೆ 5: ವಾರ್ಫರಿನ್‌ನಿಂದ ಚರ್ಮ ಕಪ್ಪಾಗಿ ಕೊಳೆಯುತ್ತಂತೆ, ನಿಜವಾ?

ತಜ್ಞೆ: ಅಪರೂಪಕ್ಕೆ, ನಿಜ. ವಾರ್ಫರಿನ್ ಮೊದಲ ದಿನಗಳಲ್ಲಿ ಹೆಪ್ಪು ತಡೆಯುವ ಪ್ರೋಟೀನ್ ಸಿಯನ್ನೇ ಬೇಗ ಇಳಿಸುತ್ತದೆ, ಹೆಪ್ಪುಗಟ್ಟಿಸುವ ಅಂಶಗಳು ನಿಧಾನ ಇಳಿಯುತ್ತವೆ. ಹುಟ್ಟಿನಿಂದಲೇ ಪ್ರೋಟೀನ್ ಸಿ ಕೊರತೆ ಇದ್ದವರಿಗೆ 3ರಿಂದ 10ನೇ ದಿನದೊಳಗೆ ತೊಡೆ, ಸ್ತನ, ಹೊಟ್ಟೆಯ ಚರ್ಮ ಕಪ್ಪಾಗಬಹುದು. ಅದಕ್ಕೇ ಕನಿಷ್ಠ 5 ದಿನ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್‌ಆರ್ 2 ಮುಟ್ಟಿ 24 ಗಂಟೆ ಆಗುವವರೆಗೆ ಹೆಪರಿನ್ ಜೊತೆಗಿರಬೇಕು.

ಸದಸ್ಯ 2: ಚಳಿಗೆ ತೊಡೆ ಮೇಲೆ ಬಲೆ ಥರ ಗೆರೆ ಬರುತ್ತೆ, ಇದೂ ಅದೇನಾ?

ತಜ್ಞೆ: ಬೆಚ್ಚಗಾದಾಗ ಹೋದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹೋಗದೆ, ತುಂಡುತುಂಡಾಗಿ ಉಳಿದರೆ ತೋರಿಸಿ. ಸ್ನೆಡ್ಡನ್ ಸಿಂಡ್ರೋಮ್‌ನಲ್ಲಿ ಆ ಗೆರೆಯ ಜೊತೆ ಸ್ಟ್ರೋಕ್ ಬರುತ್ತದೆ.

ಸದಸ್ಯೆ 4: ಹುಣ್ಣಿದ್ದಾಗ ಬಿಗಿ ಕಾಲುಚೀಲ ಹಾಕಬಹುದಾ ಮೇಡಂ?

ಸದಸ್ಯ 3: ಬೆಳ್ಳುಳ್ಳಿ ತಿಂದು ಸತ್ತವರನ್ನು ತೋರಿಸಿ ನೋಡೋಣ.

ತಜ್ಞೆ: ಸಾಕು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಇಲ್ಲಿ ಉತ್ತರಿಸುವುದಿಲ್ಲ. ಸದಸ್ಯೆ 1, ನಾಳೆಯ ಪರೀಕ್ಷೆಗೆ ಮುಂಚೆ ನಿಮ್ಮ ವೈದ್ಯರಿಗೆ ಇವತ್ತೇ ಫೋನ್ ಮಾಡಿ.