ಹಳೆ ಗೋಡೆ, ಹೊಸ ಗೋಡೆ ಕೂಡುವಲ್ಲಿ ಬಿರುಕು: ಪುಟ್ಟಿ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ಪುತ್ತೂರಿನ ಬಳಿ ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ಹಳೆಯ ಮನೆ. ಎರಡು ವರ್ಷದ ಹಿಂದೆ ಅದಕ್ಕೆ ತಾಗಿಸಿ ಪಿಲ್ಲರ್ ಎಬ್ಬಿಸಿ, ಸಿಮೆಂಟ್ ಬ್ಲಾಕಿನ ಕೋಣೆ ಕಟ್ಟಿಸಿದೆವು. ಎರಡೂ ಗೋಡೆ ಸೇರುವಲ್ಲಿ ನೆಲದಿಂದ ಮಾಡಿನವರೆಗೆ ನೇರ ಬಿರುಕು. ಹೊಸ ಕೋಣೆಯ ಬೀಮಿನ ಕೆಳಗೂ ಕೂದಲೆಳೆಯಷ್ಟು ಗೆರೆ. ಎರಡು ಸಲ ಪುಟ್ಟಿ ತುಂಬಿ ಪೇಂಟ್ ಹೊಡೆಸಿದೆ, ಎರಡೂ ಬೇಸಗೆಗೆ ಬಾಯಿ ಬಿಟ್ಟಿತು. ಇನ್ನೆರಡು ತಿಂಗಳಿಗೆ ಮಗಳ ಮದುವೆ.

ಉತ್ತರ: ಎರಡು ಬಿರುಕಿಗೂ ಒಂದೇ ಮದ್ದು ಹಾಕಿದ್ದೇ ತಪ್ಪು. ಬೀಮಿನ ಕೆಳಗಿನದು ಸುಲಭ. ಬ್ಲಾಕ್ ಗೋಡೆ ಒಣಗುತ್ತಾ ಕುಗ್ಗುತ್ತದೆ, ಬೀಮು ಭಾರಕ್ಕೆ ಕೊಂಚ ಬಾಗುತ್ತದೆ, ಗಾರೆ ಸೀಳುತ್ತದೆ. ಗೆರೆಯ ಮೇಲೂ ಕೆಳಗೂ ಆರಾರು ಇಂಚು ಗಾರೆ ಕೆತ್ತಿಸಿ. ಬೀಮಿನ ನುಣುಪು ಮೈಗೆ ಉಳಿಯಿಂದ ಕಚ್ಚು ಹಾಕಿಸಿ, ಸಂದಿಗೆ ಗಾರೆಯನ್ನು ಬಿಗಿಯಾಗಿ ತುಂಬಿಸಿ, ಒಂದಡಿ ಅಗಲದ ಚಿಕನ್ ಮೆಶ್ (ಸಣ್ಣ ಕಣ್ಣಿನ ತಂತಿ ಬಲೆ) ಅನ್ನು ವಾಷರ್ ಹಾಕಿದ ಮೊಳೆಯಿಂದ ಬಿಗಿಸಿ. ಮೆಶ್ ಗೋಡೆಗೆ ಅಂಟಿ ಮಲಗಿದ್ದರೆ ದಂಡ, ಅದು ಗಾರೆಯೊಳಗೆ ಹುದುಗಬೇಕು. ಮೆಶ್‌ನ ಹಿಂಬದಿಗೆ ಬೆಂಕಿಕಡ್ಡಿ ತೂರಿಸಿ ನೋಡಿ: ಕಡ್ಡಿ ಹೋಗದ ಕಡೆ ಗಾರೆಯೂ ಹೋಗದು. ಎರಡು ಪದರ ಗಾರೆ, ಕಡಿಮೆಯೆಂದರೆ ಏಳು ದಿನ ನೀರು.

ಮುರಕಲ್ಲಿನ ಪಕ್ಕದ್ದು ಬೇರೆ ಜಾತಿ. ಅಲ್ಲಿ ಎರಡು ಅಡಿಪಾಯಗಳಿವೆ. ಹಳೆಯದು ಎಂದೋ ಕುಳಿತಾಗಿದೆ, ಹೊಸದು ಇನ್ನೂ ಕೂರುತ್ತಿರಬಹುದು. ಮೆಶ್ ಹಾಕಿದರೂ ಬಿರುಕು ಪಕ್ಕದಲ್ಲೇ ಹೊರಡುತ್ತದೆ. ಮುಚ್ಚುವ ಹಟ ಬಿಟ್ಟು, ಅದನ್ನೇ ಅಂದವಾಗಿ ತೋರಿಸಿ. ಸೇರುವ ಜಾಗದಲ್ಲಿ ದಾರ ಹಿಡಿದು ಗುರುತು ಹಾಕಿ, ಗಾರೆಯ ಪೂರ್ತಿ ಆಳಕ್ಕೆ 10-12 ಮಿಲಿಮೀಟರ್ ಅಗಲದ ಗ್ರೂವ್ ಕತ್ತರಿಸಿ. ಹೊರಗಡೆ ಮಳೆ ಹೊಡೆಯುವುದರಿಂದ ಫೋಮ್ ಹಗ್ಗ ತುರುಕಿ, ಮೇಲೆ ಪಾಲಿಯುರೆಥೇನ್ ಸೀಲಂಟ್ (ರಬ್ಬರಿನಂತೆ ಹಿಗ್ಗುವ ಸಂದಿ ಮುಚ್ಚುವ ಅಂಟು) ಹಾಕಿಸಿ. ಸಿಲಿಕೋನ್ ಬೇಡ, ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ. ಒಳಗೆ ಪಾಲಿಶ್ ಮಾಡಿದ ಮರದ ಪಟ್ಟಿ ಸಾಕು. ಬಿರುಕು ಓರೆಯಾಗಿ ಕವಲೊಡೆದಿದ್ದರೆ ಮಾತ್ರ ನನ್ನ ಮಾತು ಬಿಡಿ, ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಪ್ರಶ್ನೆ: ಬಡಗಿ ಪಟ್ಟಿಗೆ ಎರಡೂ ಬದಿ ಮೊಳೆ ಹೊಡೆಯುತ್ತೇನೆ ಎನ್ನುತ್ತಾನೆ.

ಉತ್ತರ: ಬೇಡ! ಒಂದೇ ಗೋಡೆಗೆ ಹೊಡೆಯಲಿ. ಇನ್ನೊಂದು ಬದಿ ಸರಿದಾಡುವಂತಿರಬೇಕು, ಇಲ್ಲವಾದರೆ ಪಟ್ಟಿಯೇ ಸೀಳುತ್ತದೆ. ಹೊಸ ಗಾರೆ ಒಣಗಲು ಸುಮಾರು ಒಂದು ತಿಂಗಳು ಬೇಕು, ಆಮೇಲೆ ಪೇಂಟ್. ಬೀಮಿನ ಕೆಲಸ ಈ ವಾರವೇ ಶುರು ಮಾಡಿಸಿ.